ಗುರಿ ತಪ್ಪಿದ ಬಂದೂಕು: ತಪ್ಪು ಎಲ್ಲಿದೆ?

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೋಣೆಯಲ್ಲಿ ಕಥೆ, ಕವಿತೆ, ನಾಟಕದ ಮಾತು ಕೇಳಿ ಅಭ್ಯಾಸವಾದ ತಮಗೆ ಬಂದೂಕಿನ ಮಾತು ವಿಚಿತ್ರವಾಗಿ ತೋರಬಹುದು. ನಾವು ವಿಷಯದ ಹೆಸರು ಹೇಳಿದಾಗ ನಮ್ಮ ಕಾರ್ಯದರ್ಶಿಗಳೇ ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಬರೆದುಕೊಂಡರು. ಆದರೆ ಇದಕ್ಕೆ ಕಾರಣವುಂಟು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್, ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದ ಸ್ವಪ್ನಿಲ್ ಕುಸಾಳೆ ಅವರು ಕೊಲ್ಲಾಪುರ ಜಿಲ್ಲೆಯ ಒಂದು ಹಳ್ಳಿಯವರು; ಆಗ ಮಧ್ಯ ರೈಲ್ವೆಯಲ್ಲಿ ಟಿಕೆಟು ತಪಾಸಣೆಯ ನೌಕರಿಯಲ್ಲಿದ್ದವರು. ಆ ಸುದ್ದಿ ಬಂದ ಮೇಲೆ ಇಲ್ಲಿಗೆ ಬರುವ ತಂದೆತಾಯಂದಿರು, ಎನ್.ಸಿ.ಸಿ. ಸೇರಿದ ಹುಡುಗರು, "ಈ ರೈಫಲ್ ವಿದ್ಯೆ ಎಂದರೇನು, ನಮ್ಮಂಥ ನೌಕರಿಯ ಜನಕ್ಕೂ ಅದು ಸಾಧ್ಯವೇ?" ಎಂದು ನಮ್ಮನ್ನು ಕೇಳುತ್ತಿದ್ದಾರೆ. ಅದಕ್ಕಾಗಿ ಈ ನಾಲ್ಕು ಮಾತು.

ನಾವು ದೊಡ್ಡ ಗುರಿಕಾರರಲ್ಲ. ವಾರಕ್ಕೊಮ್ಮೆ ರಜೆಯ ದಿನ ರೈಫಲ್ ಕ್ಲಬ್ಬಿಗೆ ಹೋಗಿ, ಕ್ಲಬ್ಬಿನ ಬಂದೂಕಿನಿಂದ ಎಣಿಸಿಕೊಂಡು ನಲವತ್ತು ತೋಟಾ ಹಾರಿಸಿ ಬರುವವರು. ಇಂದು ಹೇಳಹೊರಟಿರುವುದು ಗೆಲುವಿನ ಕಥೆಯೂ ಅಲ್ಲ. ಚೆನ್ನಾಗಿದ್ದ ಬಂದೂಕು ಒಂದು ದಿನ ಇದ್ದಕ್ಕಿದ್ದ ಹಾಗೆ ಗುರಿ ಬಿಟ್ಟಿತು. ಆಗ ನಾವು ಮಾಡಿದ ತಪ್ಪುಗಳು, ಅದರಿಂದ ಒಬ್ಬ ಹುಡುಗನ ಮನಸ್ಸಿಗೆ ಆದ ನೋವು, ಕಡೆಗೆ ದೋಷ ಸಿಕ್ಕ ಬಗೆ, ಇಷ್ಟನ್ನೇ ಹೇಳುತ್ತೇವೆ.

ಮೊದಲು ಸಾಧನದ ಪರಿಚಯ. ನಾವು ಬಳಸುವುದು .22 ರೈಫಲ್, ಬಾಯಿಮಾತಿನಲ್ಲಿ ಪಾಯಿಂಟ್ ಟೂ ಟೂ. ಅದರ ನಳಿಗೆಯ ಒಳಗೆ ಸುರುಳಿಯಾಗಿ ಗೀರು ತೆಗೆದಿರುತ್ತಾರೆ. ಆ ಗೀರು ಹಿಡಿದು ಗುಂಡು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದಲೇ ನೇರವಾಗಿ ಹೋಗುತ್ತದೆ. ತೋಟಾದಲ್ಲಿ ಹಿತ್ತಾಳೆಯ ಕೋಶ, ಅದರ ಅಂಚಿನಲ್ಲಿ ಕಿಡಿ ಹೊತ್ತಿಸುವ ಮಸಾಲೆ, ಒಳಗೆ ಮದ್ದು, ಮುಂದೆ ಜಿಡ್ಡು ಸವರಿದ ಸೀಸದ ಗುಂಡು ಇರುತ್ತವೆ. ಗುಂಡಿನ ತೂಕ ಸುಮಾರು 2.6 ಗ್ರಾಂ, ದಪ್ಪ 5.6 ಮಿಲಿಮೀಟರ್. ಪಂದ್ಯದ ತೋಟಾದಿಂದ ಅದು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಐವತ್ತು ಮೀಟರ್ ಆಚೆ ಇರುವ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್, ಅಂದರೆ ಒಂದು ಅಂಗಿಯ ಗುಂಡಿಯಷ್ಟು. ಇಷ್ಟು ದೂರಕ್ಕೆ ಅಷ್ಟು ಸಣ್ಣ ಗುರಿ ಇಟ್ಟಾಗ, ಬಂದೂಕಿನಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಹಲಗೆಯ ಮೇಲೆ ಬಯಲಾಗುತ್ತದೆ.

ನಮ್ಮ ಕ್ಲಬ್ಬಿನ ಆ ಬಂದೂಕು ಹಳೆಯದಾದರೂ ನಂಬಿಕೆಯದು. ಮಲಗಿ, ಮುಂಗೈಯನ್ನು ಪಟ್ಟಿಯಲ್ಲಿ ಬಿಗಿದು ಹತ್ತು ಗುಂಡು ಹಾರಿಸಿದರೆ, ಹತ್ತೂ ಒಂದು ರೂಪಾಯಿ ನಾಣ್ಯದ ಕೆಳಗೆ ಅಡಗುವಂತೆ ಬೀಳುತ್ತಿದ್ದವು. ಮೇ ತಿಂಗಳ ಕೊನೆಯ ಭಾನುವಾರವೂ ಹಾಗೆಯೇ ಬಿದ್ದವು. ಮುಂದಿನ ಭಾನುವಾರ ಅದೇ ಬಂದೂಕು, ಅದೇ ಜಾಗ, ಅದೇ ಜನ. ಗುಂಡುಗಳು ಮಾತ್ರ ಚಹಾದ ಬಸಿಯಷ್ಟು ಅಗಲಕ್ಕೆ ಚದುರಿದವು. ನಾವು ನಾಲ್ವರೂ ಒಬ್ಬರಾದ ಮೇಲೊಬ್ಬರು ಮಲಗಿ ಹಾರಿಸಿ ನೋಡಿದೆವು. ಎಲ್ಲರದೂ ಅದೇ ಗತಿ. ಕ್ಲಬ್ಬುಗಳ ನಡುವಿನ ಪಂದ್ಯಕ್ಕೆ ಆರೇ ವಾರ ಉಳಿದಿತ್ತು.

ಆ ವಾರವಷ್ಟೇ ತೋಟಾಗಳ ಹೊಸ ಪೆಟ್ಟಿಗೆ ಒಡೆದಿದ್ದೆವು. ಒಬ್ಬರು, "ತೋಟಾದ ದೋಷವಿರಬಹುದು" ಎಂದರು. ಇನ್ನೊಬ್ಬರು, "ಕಾರ್ಖಾನೆಯಲ್ಲಿ ಯಂತ್ರದಿಂದ ಆದದ್ದು, ಒಂದೇ ಹೆಸರು, ಒಂದೇ ಡಬ್ಬಿ, ಅದರಲ್ಲಿ ಹೆಚ್ಚುಕಡಿಮೆ ಹೇಗಾದೀತು?" ಎಂದು ತಳ್ಳಿಹಾಕಿದರು. ಹಾಗಾದರೆ ಬಂದೂಕನ್ನು ಕಡೆಗೆ ಮುಟ್ಟಿದವರು ಯಾರು? ಹಿಂದಿನ ವಾರ ನಳಿಗೆ ತೊಳೆದವನು ನಮ್ಮ ಜೊತೆಗೆ ಬರುತ್ತಿದ್ದ ಕುಂದಾಪುರದ ಕಡೆಯ ಹುಡುಗ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆ. ನಾವೇ ಅವನನ್ನು ಕ್ಲಬ್ಬಿಗೆ ಸೇರಿಸಿದ್ದೆವು. ವಿಚಾರಿಸದೆ ಅವನ ಮೇಲೆ ಬಿದ್ದೆವು.

"ಮುಂದಿನಿಂದ ಕೋಲು ತುರುಕಿ ನಳಿಗೆಯ ಬಾಯಿ ಕೆಡಿಸಿದ್ದೀಯೆ."

"ಇಲ್ಲ ಅಣ್ಣ, ನೀವು ಹೇಳಿಕೊಟ್ಟ ಹಾಗೆ ಹಿಂದಿನಿಂದಲೇ ಹಾಕಿದ್ದು."

"ಹಾಗಾದರೆ ಇದು ತಾನಾಗಿ ಕೆಟ್ಟಿತೇ?"

ಹುಡುಗ ಮತ್ತೆ ಮಾತಾಡಲಿಲ್ಲ. ನೆಲದ ಮೇಲಿನ ಖಾಲಿ ಕೋಶಗಳನ್ನು ಗುಡಿಸಿ ಡಬ್ಬಿಗೆ ತುಂಬಿಸಿ ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಆ ಮೂರು ಭಾನುವಾರ ನಾವು ಮಾಡಿದ ಕೆಲಸ ಹೇಳಿದರೆ ತಮಗೆ ನಗು ಬರುತ್ತದೆ. ಸೈಟನ್ನು ತಿರುಗಿಸಿದೆವು. ಸೈಟು ಎಂದರೆ ಊರ ಕಡೆ ಮನೆ ಕಟ್ಟಲು ಕೊಳ್ಳುವ ಸೈಟಲ್ಲ. ಗುರಿ ಹಿಡಿಯಲು ಬಂದೂಕಿನ ಹಿಂದೆ ಮುಂದೆ ಇರುವ ಕಿಂಡಿ ಮತ್ತು ಉಂಗುರ. ಅದೇ ದಿನ ಬೇರೆ ಹೆಸರಿನ ತೋಟಾ ಹಾಕಿದೆವು. ಅದೇ ದಿನ ನಳಿಗೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಅದೇ ದಿನ ಕೈಪಟ್ಟಿಯನ್ನೂ ಒಂದು ತೂತು ಮುಂದಕ್ಕೆ ಹಾಕಿದೆವು. ಗುಂಡು ಒಮ್ಮೆ ಸ್ವಲ್ಪ ಕೂಡಿತು, ಒಮ್ಮೆ ಇನ್ನೂ ಚದುರಿತು. ಕೂಡಿದ್ದು ಯಾವುದರಿಂದ, ಚದುರಿದ್ದು ಯಾವುದರಿಂದ ಎಂದು ಹೇಳುವ ದಾರಿಯೇ ಉಳಿಯಲಿಲ್ಲ. ತೋಟಾದ ಹಣ ಹೋಯಿತು, ನಮ್ಮೊಳಗೆ ಮನಸ್ತಾಪವೂ ಬಂತು.

ನಮ್ಮ ಕ್ಲಬ್ಬಿನಲ್ಲಿ ಕೊಡಗಿನ ಹಿರಿಯರೊಬ್ಬರಿದ್ದಾರೆ, ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಕೈಲ್ಪೊಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿ ಬೆಳೆದವರು. ಊರಿಗೆ ಹೋಗಿದ್ದವರು ನಾಲ್ಕನೆಯ ವಾರ ಮರಳಿ ಬಂದರು. ನಮ್ಮ ದೂರೆಲ್ಲ ಕೇಳಿದ ಮೇಲೆ ಮೊದಲು ಮಾಡಿದ್ದು ಒಂದೇ: ಬೋಲ್ಟು ಹೊರಗೆ ತೆಗೆದು, ನಳಿಗೆ ಖಾಲಿ ಇದೆಯೆಂದು ಕಣ್ಣಾರೆ ನೋಡಿ, ಬಾಯಿಯನ್ನು ಗುರಿಹಲಗೆಯ ಕಡೆಗೆ ಇಟ್ಟು ಮೇಜಿನ ಮೇಲೆ ಮಲಗಿಸಿದರು. "ಇದು ಆಗದೆ ಯಾವ ತನಿಖೆಯೂ ಇಲ್ಲ" ಎಂದರು. ಇಲ್ಲಿರುವ ಹುಡುಗರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ಆಮೇಲೆ ಕೇಳಿದರು: "ನಿಮ್ಮ ಗುಂಡುಗಳು ಸರಿದಿವೆಯೋ, ಚದುರಿವೆಯೋ?"

ನಮಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಹತ್ತು ಗುಂಡು ಒಂದಕ್ಕೊಂದು ಅಂಟಿಕೊಂಡೇ ಇದ್ದು, ಗುಂಪು ಮಾತ್ರ ಕೇಂದ್ರ ಬಿಟ್ಟು ಬೇರೆ ಕಡೆ ಬಿದ್ದರೆ ಅದು ಸರಿದದ್ದು. ಬಂದೂಕು, ತೋಟಾ, ಮನುಷ್ಯ ಮೂವರೂ ಸರಿಯಾಗಿದ್ದಾರೆ. ಸೈಟು ಅಲುಗಿರಬಹುದು, ಇಲ್ಲವೆ ಗಾಳಿ ಬೆಳಕು ಬದಲಾಗಿರಬಹುದು. ಸೈಟು ಭದ್ರವಾಗಿದೆಯೇ ನೋಡಿ ತಿದ್ದಿಕೊಂಡರೆ ಮುಗಿಯಿತು. ಗುಂಪೇ ಒಡೆದು ಹರಡಿದರೆ ಅದು ಚದುರಿದ್ದು. ಅದಕ್ಕೆ ಸೈಟು ತಿರುಗಿಸುವುದು ಜ್ವರ ಬಂದವನಿಗೆ ಅಂಗಿ ಬದಲಿಸಿದ ಹಾಗೆ. ಒಂಬತ್ತು ಕೂಡಿದ್ದು ಒಂದೇ ಒಂದು ಹಾರಿಹೋದರೆ ಅದು ಮೂರನೆಯ ಬಗೆ. ಎರಡು ಸಣ್ಣ ಗುಂಪುಗಳಾಗಿ ಬಿದ್ದರೆ ನಾಲ್ಕನೆಯ ಬಗೆ. ಏನೋ ಒಂದು ಭಾಗ ಎರಡು ಕಡೆ ಕೂರುತ್ತಿದೆ ಎಂಬ ಸಂಶಯಕ್ಕೆ ಅಲ್ಲಿ ಎಡೆಯುಂಟು. ಹಲಗೆಯ ಕಾಗದ ಸುಳ್ಳು ಹೇಳುವುದಿಲ್ಲ. ಅದನ್ನು ಎಸೆಯದೆ ಇಟ್ಟುಕೊಂಡು ಓದಬೇಕು.

ಈ ಭೇದ ಎಷ್ಟು ದೊಡ್ಡದೆಂಬುದಕ್ಕೆ ಅಭಿನವ್ ಬಿಂದ್ರಾ ಅವರ ಉದಾಹರಣೆ ಉಂಟು. ಅವರದು ಗಾಳಿಯ ರೈಫಲ್, ಹತ್ತು ಮೀಟರ್ ದೂರ. ಆದರೂ ನ್ಯಾಯ ಒಂದೇ. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಂತಿಮ ಸುತ್ತಿಗೆ ಮುಂಚಿನ ಅಭ್ಯಾಸದ ಗುಂಡು ಕೇಂದ್ರದಿಂದ ಬಹಳ ದೂರ ಬಿತ್ತು. ಸ್ವಲ್ಪ ಹೊತ್ತಿನ ಹಿಂದೆ ಸರಿಯಾಗಿದ್ದ ಬಂದೂಕು. ಅವರು ಹೌಹಾರದೆ, ಅಳತೆಯಿಟ್ಟು ಸೈಟನ್ನು ತಿದ್ದಿಕೊಂಡರು. ಒಟ್ಟು 700.5 ಅಂಕದಿಂದ ಚಿನ್ನ ಗೆದ್ದರು. ಕೊನೆಯ ಗುಂಡು 10.8. ಅದಕ್ಕೆ ನಾಲ್ಕು ವರ್ಷ ಮುಂಚೆ, 2004ರ ಅಥೆನ್ಸಿನಲ್ಲಿ, ಅಂತಿಮ ಸುತ್ತಿಗೆ ಬಂದು ಏಳನೆಯವರಾಗಿ ಉಳಿದಿದ್ದರು. ಅವರು ನಿಂತಿದ್ದ ಜಾಗದ ನೆಲಹಾಸು ಭದ್ರವಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ದೋಷ ಕೆಲವೊಮ್ಮೆ ಬಂದೂಕಿನಲ್ಲೂ ಇಲ್ಲ, ಮನುಷ್ಯನಲ್ಲೂ ಇಲ್ಲ. ಕಾಲ ಕೆಳಗೆ ಇರುತ್ತದೆ.

ನಮ್ಮ ಕಾಗದಗಳನ್ನು ತೆಗೆದು ನೋಡಿದೆವು. ಚದುರಿದ್ದೆಂದು ನಾವು ತಿಳಿದದ್ದು ನಿಜವಾಗಿ ಎರಡು ಗುಂಪು. ಒಂದು ಮೇಲೆ, ಒಂದು ಕೆಳಗೆ ಬಲಕ್ಕೆ. ನಾಲ್ಕು ವಾರ ಅದು ನಮ್ಮ ಕಣ್ಣ ಮುಂದೆಯೇ ಇತ್ತು.

ಸುಬೇದಾರರು ಎರಡನೆಯ ಪ್ರಶ್ನೆ ಕೇಳಿದರು: "ಚೆನ್ನಾಗಿದ್ದ ಕೊನೆಯ ದಿನಕ್ಕೂ ಕೆಟ್ಟ ಮೊದಲ ದಿನಕ್ಕೂ ನಡುವೆ ಏನೇನು ಬದಲಾಯಿತು? ನೀವೆಲ್ಲ ಲೆಕ್ಕ ಬರೆಯುವ ಜನ. ತಾಳೆಪಟ್ಟಿ ಕೂಡದಿದ್ದರೆ ಹತ್ತು ಬಾಬು ತಿದ್ದುತ್ತೀರಾ?"

ನಾಚಿಕೆಯಾಯಿತು. ಮಿಲ್ಲಿನ ಕಚೇರಿಯಲ್ಲಿ ನಾವು ದಿನವೂ ಮಾಡುವ ಕೆಲಸ ಅದೇ. ಜಮಾ ಖರ್ಚು ಕೂಡದಿದ್ದರೆ, ಕಡೆಯ ಸಲ ಎಲ್ಲಿ ಕೂಡಿತ್ತೋ ಆ ದಿನಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ಬಾಬನ್ನು ತಾಳೆ ನೋಡುತ್ತ ಬರುತ್ತೇವೆ. ಕಂಡದ್ದನ್ನೆಲ್ಲ ತಿದ್ದಿದರೆ ತಪ್ಪು ಎರಡಾಗುತ್ತದೆ. ಕಚೇರಿಯಲ್ಲಿ ಗೊತ್ತಿದ್ದ ನೀತಿ ಬಂದೂಕಿನ ಮುಂದೆ ಮರೆತೇಹೋಗಿತ್ತು. ಕುಳಿತು ಪಟ್ಟಿ ಬರೆದೆವು: ಹೊಸ ಪೆಟ್ಟಿಗೆಯ ತೋಟಾ; ಮಳೆಗಾಲದ ಆರಂಭ; ನಳಿಗೆ ತೊಳೆದದ್ದು. ಅಷ್ಟೇ ಎಂದುಕೊಂಡೆವು.

ತೋಟಾದಿಂದ ಆರಂಭಿಸಬೇಕೆಂದು ಸುಬೇದಾರರ ಅಭಿಪ್ರಾಯ. ಅದನ್ನು ಪರೀಕ್ಷಿಸುವುದು ಸುಲಭ, ಬಂದೂಕನ್ನು ಬಿಚ್ಚಬೇಕಾಗಿಲ್ಲ. ಕಾರ್ಖಾನೆಯ ತೋಟಾಗಳೆಲ್ಲ ಒಂದೇ ಎಂಬ ನಮ್ಮ ನಂಬಿಕೆ ಅಂದು ಮುರಿಯಿತು. ಡಬ್ಬಿಯ ಮೇಲೆ ಹೆಸರಿನ ಜೊತೆಗೆ ಒಂದು ಲಾಟ್ ನಂಬರು ಅಚ್ಚಾಗಿರುತ್ತದೆ. ಒಂದೇ ಮದ್ದು, ಒಂದೇ ಕೋಶ, ಒಂದೇ ಹೊಂದಿಕೆಯಲ್ಲಿ ಒಂದು ಓಟಕ್ಕೆ ಆದ ಸರಕು ಒಂದು ಲಾಟು. ನೂಲಿಗೂ ಬಣ್ಣಕ್ಕೂ ಲಾಟು ಇಲ್ಲವೇ? ಒಂದೇ ಬಣ್ಣದ ಎರಡು ಲಾಟಿನ ಬಟ್ಟೆಯನ್ನು ಹೊಲಿದು ಒಂದು ಅಂಗಿ ಮಾಡಿದರೆ ತೋಳು ಬೇರೆ, ಮೈ ಬೇರೆಯಾಗಿ ಕಾಣುತ್ತದೆ. ಹಾಗೆಯೇ ಇದೂ. ಮದ್ದಿನ ಅಳತೆಯಲ್ಲಿ, ಅಂಚಿನ ಮಸಾಲೆಯ ಹರಡಿಕೆಯಲ್ಲಿ, ಗುಂಡಿನ ಜಿಡ್ಡಿನಲ್ಲಿ ಅತ್ಯಲ್ಪ ವ್ಯತ್ಯಾಸವಾದರೂ ವೇಗ ಹೆಚ್ಚುಕಡಿಮೆಯಾಗುತ್ತದೆ. ಅದಕ್ಕಿಂತ ಆಶ್ಚರ್ಯವೆಂದರೆ, ಒಂದು ನಳಿಗೆಗೆ ಒಗ್ಗಿದ ಲಾಟು ಅದೇ ಮಾದರಿಯ ಪಕ್ಕದ ನಳಿಗೆಗೆ ಒಗ್ಗದೆ ಇರಬಹುದು. ಆದಕಾರಣ ದೊಡ್ಡ ಸ್ಪರ್ಧಿಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿರುವ ಈಲಿ ಮುಂತಾದ ಕಾರ್ಖಾನೆಗಳ ಪರೀಕ್ಷಾ ಕೇಂದ್ರಕ್ಕೆ ತಮ್ಮ ಬಂದೂಕು ಒಯ್ದು, ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಲಾಟಿನ ಮೇಲೆ ಲಾಟು ಹಾರಿಸಿ ನೋಡಿ, ಒಗ್ಗಿದ ಲಾಟನ್ನೇ ವರ್ಷಕ್ಕೆ ಬೇಕಾದಷ್ಟು ಕೊಂಡುಕೊಳ್ಳುತ್ತಾರೆ.

ಇನ್ನೊಂದು ಮಾತು. ಬೇರೆ ಹೆಸರಿನ ತೋಟಾ ಹಾಕಿದ ಕೂಡಲೆ ಫಲ ನೋಡಬಾರದು. ಹಳೆಯ ಜಿಡ್ಡು ಹೋಗಿ ಹೊಸ ಜಿಡ್ಡು ನಳಿಗೆಯ ಒಳಗೆ ಸಮನಾಗಿ ಕೂರಲು ಹತ್ತಿಪ್ಪತ್ತು ಗುಂಡಾದರೂ ಬೇಕು. ತೊಳೆದ ನಳಿಗೆಗೂ ಇದೇ ಮಾತು. ನಾವು ತೊಳೆದು, ತೋಟಾ ಬದಲಿಸಿ, ಐದೇ ಗುಂಡಿನಲ್ಲಿ ತೀರ್ಪು ಕೊಟ್ಟಿದ್ದೆವು. ಅತಿವೇಗದ ತೋಟಾ ಹೆಚ್ಚು ಒಳ್ಳೆಯದೆಂಬುದೂ ಭ್ರಮೆ. ಅದು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಶಬ್ದದ ವೇಗದ ಕೆಳಗೆ ಇಳಿಯುವಾಗ ಗುಂಡು ಅಸ್ಥಿರವಾಗುತ್ತದೆ. ಪಂದ್ಯದ ತೋಟಾವನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಕಡಿಮೆ ಇಟ್ಟಿರುವುದು ಅದಕ್ಕೇ.

ಸರಿ, ಪರೀಕ್ಷೆಗೆ ಹಳೆಯ ಲಾಟಿನ ತೋಟಾ ಬೇಕು. ನಮ್ಮಲ್ಲಿ ಒಂದೂ ಉಳಿದಿರಲಿಲ್ಲ. ಹಳೆಯ ಡಬ್ಬಿಯ ನಂಬರು ಯಾರಿಗೂ ನೆನಪಿರಲಿಲ್ಲ. ಆಗ ನಮ್ಮಲ್ಲೊಬ್ಬರು ಮೆಲ್ಲನೆ, "ಹುಡುಗ ಏನೋ ಪುಸ್ತಕದಲ್ಲಿ ಬರೆದಿಡುತ್ತಿದ್ದ" ಎಂದರು.

ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ ಅವನ ಹೋಟೆಲಿಗೆ ಹೋದೆವು. ನಮ್ಮನ್ನು ಕಂಡು ಗಿರಾಕಿಗಳನ್ನು ಕೇಳುವ ಹಾಗೆಯೇ, "ಏನು ಬೇಕು ಅಣ್ಣ?" ಎಂದ. ಚಹಾ ತಂದಿಟ್ಟ. ನಾವು ವಿಷಯ ಹೇಳಿದೆವು. ಒಳಗೆ ಹೋಗಿ ಒಂದು ಶಾಲೆಯ ನೋಟುಪುಸ್ತಕ ತಂದ. ದಿನಾಂಕ, ಡಬ್ಬಿಯ ಲಾಟ್ ನಂಬರು, ಹವೆ, ಯಾರು ಹಾರಿಸಿದರು, ಎಷ್ಟು ಅಂಕ, ಕಡೆಗೆ ಬಂದೂಕಿಗೆ ಏನು ಮಾಡಿದರು, ಎಲ್ಲ ಗೀಟು ಎಳೆದು ಬರೆದಿದ್ದ. "ಹಳೆಯ ಡಬ್ಬಿಯ ಮೂವತ್ತು ತೋಟಾ ಕ್ಲಬ್ಬಿನ ಕಪಾಟಿನಲ್ಲೇ ಶಸ್ತ್ರಗಾರರ ಹತ್ತಿರ ಚೀಟಿ ಹಚ್ಚಿ ಕೊಟ್ಟಿದ್ದೇನೆ. ಹೊಸದು ಬಂದಾಗ ಹೋಲಿಸಿ ನೋಡಲು ಇರಲಿ ಅಂತ" ಎಂದ.

ಮೇ ತಿಂಗಳ ಕೊನೆಯ ಭಾನುವಾರದ ಪುಟದ ಅಡಿಯಲ್ಲಿ ಎರಡು ಸಾಲಿದ್ದವು. ಒಂದು: "ನಳಿಗೆ ಹಿಂದಿನಿಂದ ತೊಳೆದೆ." ಇನ್ನೊಂದು: "ಮಳೆಯಲ್ಲಿ ನೆನೆದದ್ದರಿಂದ ಅಣ್ಣಂದಿರು ಬಂದೂಕನ್ನು ಮರದಿಂದ ಬಿಚ್ಚಿ ಒರಸಿ ಮತ್ತೆ ಕೂಡಿಸಿದರು."

ನಮ್ಮ ಪಟ್ಟಿಯಲ್ಲಿ ಈ ಬಾಬು ಇರಲಿಲ್ಲ. ಅವನು ಮಾಡಿದ್ದು ನಮಗೆ ನೆನಪಿತ್ತು, ನಾವು ಮಾಡಿದ್ದು ಮರೆತಿತ್ತು.

ಆದರೂ ಸುಬೇದಾರರು ಅವಸರ ಮಾಡಗೊಡಲಿಲ್ಲ. ಒಂದೊಂದೇ ಪರೀಕ್ಷೆ ಎಂದರು. ಮೊದಲು ಏನನ್ನೂ ಮುಟ್ಟದೆ, ಮರಳಿನ ಚೀಲದ ಮೇಲೆ ಬಂದೂಕನ್ನು ಆನಿಸಿ, ಹಳೆಯ ಲಾಟಿನ ಹತ್ತು ತೋಟಾ ಹಾರಿಸಿದೆವು. ಮತ್ತೆ ಅದೇ ಎರಡು ಗುಂಪು. ಅಲ್ಲಿಗೆ ಮುಖ್ಯ ದೋಷ ತೋಟಾದ್ದಲ್ಲವೆಂದು ಖಚಿತವಾಯಿತು. ಆಮೇಲೆ ಬೋಲ್ಟು ತೆಗೆದು, ಸ್ಟಾಕ್ ಎಂದು ಕರೆಯುವ ಮರದ ಭಾಗಕ್ಕೆ ಬಂದೂಕಿನ ಕಬ್ಬಿಣವನ್ನು ಬಿಗಿಯುವ ಎರಡು ತಿರುಪುಗಳನ್ನು ಅಲೆನ್ ಕೀ ಹಾಕಿ ನೋಡಿದೆವು. ಹಿಂದಿನದು ಬಿಗಿಯಾಗಿತ್ತು. ಮುಂದಿನದು ಅರ್ಧ ಸುತ್ತಿಗಿಂತ ಹೆಚ್ಚು ಸಡಿಲ. ಪ್ರತಿ ಗುಂಡಿಗೂ ಕಬ್ಬಿಣ ಮರದಲ್ಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಕೂರುತ್ತಿತ್ತು. ಎರಡು ಗುಂಪಿನ ಗುಟ್ಟು ಅದು.

ಆ ಮಳೆಯ ಸಂಜೆ ಶಸ್ತ್ರಗಾರರು ರಜೆಯಲ್ಲಿದ್ದರು. ಲೋಕಲ್ ಗಾಡಿ ತಪ್ಪೀತೆಂಬ ಆತುರದಲ್ಲಿ ಆ ತಿರುಪನ್ನು ಕೂಡಿಸಿದವರು ಯಾರೆಂದರೆ ನಾವು. ಇಲ್ಲಿಯವರೆಗೆ ನಾವು ನಾವು ಎನ್ನುತ್ತ ಬಂದಿದ್ದೇವೆ. ಈ ಒಂದು ಕಡೆ ನಾವೆಂದರೆ ನಾಲ್ವರಲ್ಲ, ತಮ್ಮ ಮುಂದೆ ನಿಂತು ಮಾತನಾಡುತ್ತಿರುವ ಈ ಒಂದೇ ಕೈ ಎಂದು ತಿಳಿಯಬೇಕು.

ಶಸ್ತ್ರಗಾರರು ಬಂದೂಕಿನ ಕೈಪಿಡಿಯಲ್ಲಿ ಹೇಳಿದ ಬಲಕ್ಕೆ, ಬಲ ಅಳೆಯುವ ಪಾನದಿಂದ ಎರಡೂ ತಿರುಪುಗಳನ್ನು ಬಿಗಿದರು. ಹಳೆಯ ಲಾಟಿನ ಹತ್ತು ಗುಂಡು ಮತ್ತೆ ನಾಣ್ಯದ ಕೆಳಗೆ ಬಂದವು. ಹೊಸ ಲಾಟಿನ ಹತ್ತು ನಾಣ್ಯದಿಂದ ತುಸು ಹೊರಗೆ ಇಣುಕಿದವು. ಹೊಸ ಲಾಟು ನಮ್ಮ ನಳಿಗೆಗೆ ಅಷ್ಟು ಒಗ್ಗಲಿಲ್ಲವೆಂಬುದೂ ಸತ್ಯ. ಹೀಗೆ ದೊಡ್ಡ ದೋಷದ ಹಿಂದೆ ಸಣ್ಣದೊಂದು ಅಡಗಿರುವುದೂ ಉಂಟು. ಎರಡನ್ನೂ ಒಟ್ಟಿಗೆ ಕಲಕಿದ್ದರೆ ಒಂದೂ ಸಿಗುತ್ತಿರಲಿಲ್ಲ.

ನಮಗೆ ತಿರುಪಿನಲ್ಲಿ ಸಿಕ್ಕಿತು. ಇನ್ನೊಬ್ಬರಿಗೆ ಬೇರೆ ಕಡೆ ಸಿಕ್ಕೀತು. ಆದುದರಿಂದ ಉಳಿದ ಜಾಗಗಳನ್ನೂ ಚುಟುಕಾಗಿ ಹೇಳುತ್ತೇವೆ.

ಮರ: ಮಳೆಗಾಲದಲ್ಲಿ ನಮ್ಮ ಕೋಣೆಯ ಬಾಗಿಲು ಹೇಗೆ ಉಬ್ಬಿ ಮುಚ್ಚಲಾರದೋ ಹಾಗೆಯೇ ಬಂದೂಕಿನ ಮರವೂ ಉಬ್ಬುತ್ತದೆ. ನಳಿಗೆಯು ಮರಕ್ಕೆ ತಾಗದಂತೆ ಮಾಡಿದ ಬಂದೂಕಾದರೆ, ಒಂದು ಕಾಗದದ ಪಟ್ಟಿಯನ್ನು ನಳಿಗೆ ಮರಗಳ ನಡುವೆ ತೂರಿಸಿ ಉದ್ದಕ್ಕೂ ಎಳೆದು ನೋಡಬೇಕು. ತಡೆದರೆ ಅಲ್ಲಿ ತಾಗುತ್ತಿದೆ. ಕೆಲವು ಹಳೆಯ ಸೈನ್ಯದ ರೈಫಲುಗಳಲ್ಲಿ ಮರ ನಳಿಗೆಯನ್ನು ಒತ್ತುವಂತೆ ಬೇಕೆಂದೇ ಮಾಡಿರುತ್ತಾರೆ. ಅವುಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ನಳಿಗೆಯ ಬಾಯಿ: ಗುಂಡಿನ ಬುಡ ನಳಿಗೆಯನ್ನು ಬಿಡುವ ಗಳಿಗೆಯಲ್ಲಿ ಹಿಂದಿನ ಅನಿಲ ಸುತ್ತಲೂ ಸಮನಾಗಿ ಹೊರಡಬೇಕು. ಬಾಯಂಚಿನಲ್ಲಿ ಒಂದು ಸಣ್ಣ ಮುಕ್ಕಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನ ಎಫ್. ಡಬ್ಲ್ಯು. ಮ್ಯಾನ್ ಎಂಬ ವೈದ್ಯರು ಗುಂಡು ಏಕೆ ದಾರಿ ತಪ್ಪುತ್ತದೆಂದು ಹಲವು ದಶಕ ಪ್ರಯೋಗ ಮಾಡಿ 1909ರಲ್ಲಿ ಪುಸ್ತಕ ಬರೆದರು. ಮನುಷ್ಯನ ಕೈಯ ದೋಷ ಸೇರದಂತೆ ನಳಿಗೆಯನ್ನು ಕಾಂಕ್ರೀಟಿನ ಭದ್ರ ಕಟ್ಟೆಯ ಮೇಲೆ ಕೂರಿಸಿದರು. ಗುಂಡಿನ ಮೂತಿಯನ್ನು ಬೇಕೆಂದೇ ಜಜ್ಜಿ ಹಾರಿಸಿದರೆ ಗುರಿ ಅಷ್ಟಾಗಿ ಕೆಡಲಿಲ್ಲ. ಬುಡವನ್ನು ಸ್ವಲ್ಪ ಕೆಡಿಸಿದರೆ ಬಹಳ ಕೆಟ್ಟಿತು. ಹೊರಡುವಾಗಿನ ಹಿಂದಿನ ತಳ್ಳಿಕೆ ಸಮನಾಗಿರಬೇಕೆಂಬುದು ಇದರಿಂದ ತಿಳಿಯುತ್ತದೆ. ಕಿವಿ ಒರಸುವ ಹತ್ತಿಯ ಕಡ್ಡಿಯನ್ನು ಖಾಲಿ ನಳಿಗೆಯ ಬಾಯಂಚಿನಲ್ಲಿ ಒಳಗಿನಿಂದ ಹೊರಕ್ಕೆ ಸುತ್ತಲೂ ಸವರಿದರೆ, ಮುಕ್ಕಿದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದರೆ ರಿಪೇರಿ ನಮ್ಮ ಕೆಲಸವಲ್ಲ, ಬಲ್ಲ ಶಸ್ತ್ರಗಾರನದು.

ಕೊಳೆ: .22ರಲ್ಲಿ ತೋಟಾ ಕೂರುವ ಜಾಗದ ಮುಂದೆ ಮಸಿ ಗಟ್ಟಿಯಾಗಿ ಉಂಗುರದಂತೆ ಕೂರುತ್ತದೆ. ನಳಿಗೆಯಲ್ಲಿ ಸೀಸ ಹತ್ತುತ್ತದೆ. ದೊಡ್ಡ ರೈಫಲುಗಳಲ್ಲಿ ತಾಮ್ರ ಹತ್ತುತ್ತದೆ. ತೊಳೆಯದಿದ್ದರೂ ಕೆಡುಕು, ಒರಟಾಗಿ ತೊಳೆದರೂ ಕೆಡುಕು. ಕೋಲನ್ನು ಹಿಂದಿನಿಂದ, ನಳಿಗೆಗೆ ಉಜ್ಜದಂತೆ ಹಾಕಬೇಕು.

ದುರ್ಬೀನು: ಬಂದೂಕಿಗೆ ದುರ್ಬೀನು ಇದ್ದರೆ ಅದರ ಉಂಗುರದ ತಿರುಪುಗಳನ್ನು ನೋಡಬೇಕು. ಸಂಶಯ ಉಳಿದರೆ, ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದನ್ನು ಕೂರಿಸಿ ಹೋಲಿಸುವುದೇ ಉತ್ತಮ.

ಮನುಷ್ಯ: ಇದನ್ನು ಕೊನೆಗೆ ಹೇಳಿದರೂ ಕೊನೆಯದಲ್ಲ. ಕನ್ನಡಕದ ನಂಬರು ಬದಲಾಗಿರಬಹುದು, ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿರಬಹುದು. ಬೇರೆ ಒಬ್ಬರು ಅದೇ ಬಂದೂಕು, ಅದೇ ತೋಟಾದಿಂದ ಹಾರಿಸಿ ನೋಡಿದರೆ ತಿಳಿಯುತ್ತದೆ. ಕೆನ್ನೆಗೆ ತಾಗುವ ಗಾಳಿ ಕೂಡ ಐವತ್ತು ಮೀಟರಿನಲ್ಲಿ ಈ ಹಗುರ ಗುಂಡನ್ನು ಹತ್ತರ ವೃತ್ತದಿಂದ ಆಚೆ ತಳ್ಳಬಲ್ಲದು. ಮಳೆಗಾಲದ ಗಾಳಿಗೆ ಬಂದೂಕನ್ನು ಬಯ್ಯಬಾರದು.

ಒಂದು ಎಚ್ಚರಿಕೆ. ಹಾರಿಸಿದಾಗ ಸದ್ದು ಎಂದಿಗಿಂತ ಮೆಲ್ಲಗೆ ಬಂದು, ಹಲಗೆಯಲ್ಲಿ ತೂತು ಕಾಣದಿದ್ದರೆ ಅದು ಗುರಿ ತಪ್ಪಿದ್ದಲ್ಲ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಆಗ ಇನ್ನೊಂದು ತೋಟಾ ಹಾಕಿದರೆ ನಳಿಗೆ ಒಡೆದು ಪ್ರಾಣಕ್ಕೇ ಅಪಾಯ. ಅಲ್ಲಿಗೇ ನಿಲ್ಲಿಸಿ, ಬಾಯಿಯನ್ನು ಹಲಗೆಯ ಕಡೆಗೇ ಇಟ್ಟು, ಅಧಿಕಾರಿಯನ್ನು ಕರೆಯಬೇಕು. ಈ ವಿದ್ಯೆಯೆಲ್ಲ 1959ರ ಶಸ್ತ್ರ ಕಾಯಿದೆ ಮತ್ತು 2016ರ ನಿಯಮಗಳ ಒಳಗೆ, ಪರವಾನಗಿ ಇರುವ ಕ್ಲಬ್ಬಿನ ಮೈದಾನದಲ್ಲಿ ಮಾತ್ರ ನಡೆಯತಕ್ಕದ್ದು ಎಂಬುದನ್ನೂ ಹುಡುಗರು ನೆನಪಿಡಬೇಕು.

ಒಟ್ಟಿನಲ್ಲಿ ನಾವು ಕಲಿತದ್ದು ಇಷ್ಟು. ಬಂದೂಕು ಖಾಲಿ ಎಂದು ಮೊದಲು ನೋಡು. ಗುಂಡು ಸರಿದಿದೆಯೋ ಚದುರಿದೆಯೋ ಎಂದು ಕಾಗದ ಓದು. ಕೊನೆಯ ಒಳ್ಳೆಯ ದಿನದಿಂದ ಈಚೆಗೆ ಬದಲಾದದ್ದನ್ನೆಲ್ಲ ಬರೆ, ನೀನು ಮಾಡಿದ್ದನ್ನು ಮೊದಲು ಬರೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಪರೀಕ್ಷೆ ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಗ್ಗಿದ ಲಾಟಿನ ಸ್ವಲ್ಪ ತೋಟಾ ಯಾವಾಗಲೂ ಕಾದಿಡು. ಯಾರನ್ನಾದರೂ ದೂರುವುದಿದ್ದರೆ ಇಷ್ಟೆಲ್ಲ ಮುಗಿದ ಮೇಲೆ ದೂರು. ಆಗ ದೂರುವ ಅಗತ್ಯವೇ ಬಹುಶಃ ಉಳಿಯುವುದಿಲ್ಲ.

ಹುಡುಗನ ಮಾತು ಬಾಕಿ ಇದೆ. ಮರುದಿನವೇ ಹೋಗಿ, ಗಲ್ಲಾದ ಮುಂದೆ ಅವನ ಯಜಮಾನರೂ ಜೊತೆಗಾರರೂ ಕೇಳುವಂತೆ, "ತಪ್ಪು ನಮ್ಮದು, ನಿನ್ನದಲ್ಲ" ಎಂದು ಹೇಳಿದೆವು. ದೂರಿದ್ದು ಹತ್ತು ಜನರ ಮುಂದೆ. ಕ್ಷಮೆ ಕೇಳುವುದು ಮೂಲೆಯಲ್ಲಾದರೆ ಹೇಗೆ? ಅವನು, "ಇರಲಿ ಬಿಡಿ ಅಣ್ಣ" ಎಂದ. ಆದರೆ ಮುಂದಿನ ಭಾನುವಾರ ಬರಲಿಲ್ಲ. ಪಂದ್ಯಕ್ಕೂ ಬರಲಿಲ್ಲ. ಪಂದ್ಯದಲ್ಲಿ ನಮ್ಮ ಕ್ಲಬ್ಬು ನಡುವೆ ಎಲ್ಲೋ ನಿಂತಿತು. ತಿರುಪನ್ನು ಅರ್ಧ ಗಂಟೆಯಲ್ಲಿ ಬಿಗಿಯಬಹುದು. ಮನಸ್ಸಿಗೆ ಅಳತೆಯ ಪಾನವಿಲ್ಲ. ಆಯುಧಪೂಜೆಯ ದಿನ ಕ್ಲಬ್ಬಿನಲ್ಲಿ ಬಂದೂಕುಗಳನ್ನು ಒರಸಿ ಕುಂಕುಮ ಹಚ್ಚುತ್ತಿದ್ದಾಗ ನೋಟುಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಯಾರೂ ಏನೂ ಹೇಳಲಿಲ್ಲ. ಸುಬೇದಾರರು ಒರಸುವ ಬಟ್ಟೆಯನ್ನು ಅವನ ಕೈಗೆ ಕೊಟ್ಟರು.

ಇಂದು ಆ ಕ್ಲಬ್ಬಿನ ಎಲ್ಲ ಬಂದೂಕುಗಳಿಗೂ ಒಂದೊಂದು ಪುಸ್ತಕವಿದೆ. ಬರೆಯುವ ಕ್ರಮ ಅವನು ಹಾಕಿಕೊಟ್ಟದ್ದು. ನೋಡಬೇಕೆನ್ನುವವರಿಗೆ ಅದರ ಮಾದರಿಯ ಒಂದು ಪುಟವನ್ನು ನಾವು ನಕಲು ಮಾಡಿ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ.